ಅಳತೆಗೋಲು ಬದಲಾದಾಗ

ಆಳಂದ, ಅಫಜಲಪುರ, ಜೇವರ್ಗಿಗಳ ಸೀಮೆಯಲ್ಲಿ ಏಕತಾರಿ ಹಿಡಿದು ತತ್ತ್ವಪದ ಹಾಡುವ ಪರಂಪರೆ ಬಹು ಹಳೆಯದು. ಕಡಕೋಳ ಮಡಿವಾಳಪ್ಪನವರ ಪದಗಳನ್ನು ಭಜನೆಯ ಮೇಳಗಳು ಇರುಳಿಡೀ ಹಾಡುವುದುಂಟು. ಅಂಥ ಮೇಳವೊಂದು ಹತ್ತು ನಿಮಿಷದ ಪದವೊಂದನ್ನು ಯೂಟ್ಯೂಬಿಗೆ ಏರಿಸಿತೆಂದು ಭಾವಿಸೋಣ. ಅದು ಎಷ್ಟು ಜನರ ಕಣ್ಣಿಗೆ ಬೀಳುವುದೆಂಬುದು ಹಾಡಿನ ಗುಣವೊಂದನ್ನೇ ಅವಲಂಬಿಸಿಲ್ಲ. ತಾಣದ ವಿನ್ಯಾಸವನ್ನೂ ಅವಲಂಬಿಸಿದೆ.

2005ರಲ್ಲಿ ಹುಟ್ಟಿದ ಈ ತಾಣದಲ್ಲಿ ಮೊದಮೊದಲು ವೀಕ್ಷಣೆಗಳ ಸಂಖ್ಯೆಗೇ ಪ್ರಾಧಾನ್ಯವಿದ್ದಿತು. 2012ರಲ್ಲಿ ಅಳತೆಗೋಲು ಬದಲಾಯಿತು. ಎಷ್ಟು ಮಂದಿ ತೆರೆದರು ಎಂಬುದಕ್ಕಿಂತ ಎಷ್ಟು ಹೊತ್ತು ನೋಡಿದರು ಎಂಬುದೇ ಮುಖ್ಯವಾಯಿತು. 2018ರಲ್ಲಿ ಮತ್ತೊಂದು ನಿಯಮ ಬಂದಿತು: ಜಾಹೀರಾತಿನ ವರಮಾನದಲ್ಲಿ ಪಾಲು ಬೇಕಾದರೆ 1,000 ಚಂದಾದಾರರೂ ಹನ್ನೆರಡು ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆಯೂ ಇರಬೇಕು. ಲೆಕ್ಕ ಹಾಕಿ ನೋಡಿರಿ. ನಮ್ಮ ಪದವನ್ನು 24,000 ಸಲ ಪೂರ್ತಿಯಾಗಿ ಕೇಳಬೇಕಾಗುತ್ತದೆ!

2020ರ ಸೆಪ್ಟೆಂಬರಿನಲ್ಲಿ ‘ಶಾರ್ಟ್ಸ್’ ಎಂಬ ಕಿರುದೃಶ್ಯಗಳ ವಿಭಾಗವು ಮೊದಲು ಭಾರತದಲ್ಲಿಯೇ ತೆರೆಯಿತು. ಆಗಿನ ಮಿತಿ 15 ಸೆಕೆಂಡು. ಬೆರಳಿನಿಂದ ಸರಿಸಿದೊಡನೆ ಮುಂದಿನ ದೃಶ್ಯ ಸಿದ್ಧ. ಪಲ್ಲವಿಯ ತುಣುಕು ಹೀಗೆ ಬಹುದೂರ ತಲುಪಬಲ್ಲದು. ಆದರೆ ಆ ಸಾಲಿನಲ್ಲಿ ನೋಡಿದ ಹೊತ್ತು 4,000 ಗಂಟೆಗಳ ಲೆಕ್ಕಕ್ಕೆ ಸೇರದು. 2023ರಿಂದ ಅದಕ್ಕೆ ಬೇರೆಯೇ ದಾರಿ: 90 ದಿನಗಳಲ್ಲಿ 1 ಕೋಟಿ ವೀಕ್ಷಣೆಗಳು.

ಆದುದರಿಂದ ಹೊಸ ವಿನ್ಯಾಸವೆಂಬುದು ಬರಿಯ ಅಲಂಕಾರವಲ್ಲ. ಅಳತೆಗೋಲು ಬದಲಾದರೆ ಕಲೆಯ ಆಕಾರವೂ ಬದಲಾಗತೊಡಗುತ್ತದೆ. ತತ್ತ್ವಪದದಲ್ಲಿ ಕವಿಯ ಅಂಕಿತವು ಬರುವುದು ಕೊನೆಯ ನುಡಿಯಲ್ಲಿ. ಪಲ್ಲವಿಯನ್ನಷ್ಟೇ ಕೇಳಿ ಮುಂದೆ ಸರಿದವನಿಗೆ ಪದವನ್ನು ಕಟ್ಟಿದವರು ಯಾರೆಂಬುದೂ ತಿಳಿಯುವುದಿಲ್ಲ.