ಹೃದಯ ಮತ್ತು ರಕ್ತನಾಳಗಳ ಸೂಕ್ಷ್ಮ ರಚನೆ: ದಂಪತಿಗಳು ಅರಿತಿರಬೇಕಾದ ಸಂಗತಿಗಳು

ದಬ್ಬೇಘಟ್ಟದ ಸುತ್ತಿನ ಹಳ್ಳಿಗಳಲ್ಲಿ ತೆಂಗಿನ ತೋಟಗಳ ನಡುವೆ ಬಾಳುವ ನಿಮಗೆ ಕಾಯಿಯ ರಚನೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹೊರಗೆ ನಾರಿನ ಮಟ್ಟೆ, ಅದರೊಳಗೆ ಚಿಪ್ಪು, ಅದಕ್ಕೂ ಒಳಗೆ ತಿರುಳು ಹೀಗೆ ಪದರ ಪದರವಾಗಿ ಅದು ರಚಿತವಾಗಿದೆ. ಒಂದೊಂದು ಪದರಕ್ಕೂ ಒಂದೊಂದು ಕೆಲಸವುಂಟು. ನಮ್ಮ ಶರೀರದ ರಕ್ತನಾಳಗಳು ಮತ್ತು ಹೃದಯವೂ ಹೀಗೆಯೇ ಪದರಗಳಿಂದ ಕೂಡಿವೆ. ಆದರೆ ಆ ಪದರಗಳು ಬರಿಗಣ್ಣಿಗೆ ಸ್ಪಷ್ಟವಾಗಿ ತೋರುವುದಿಲ್ಲ. ಅವನ್ನು ಸೂಕ್ಷ್ಮದರ್ಶಕದ ಮೂಲಕವೇ ನೋಡಬೇಕು. ಗರ್ಭಿಣಿಯ ರಕ್ತದೊತ್ತಡ, ಮಕ್ಕಳ ಹೃದಯರೋಗ, ನಡುವಯಸ್ಸಿನವರ ಹೃದಯಾಘಾತ ಇವೆಲ್ಲವೂ ಈ ಪದರಗಳಲ್ಲಿಯೇ ಆರಂಭವಾಗುತ್ತವೆ. ಆದುದರಿಂದ ಇವುಗಳ ಪರಿಚಯ ಪ್ರತಿಯೊಂದು ಕುಟುಂಬಕ್ಕೂ ಅವಶ್ಯಕ.

ರಕ್ತದ ಹಾದಿ

ಹೇಮಾವತಿ ನಾಲೆಯ ನೀರು ತೂಬಿನಿಂದ ಕಾಲುವೆಗೆ, ಕಾಲುವೆಯಿಂದ ತೋಟದ ಪಾತಿಗೆ ಹರಿಯುವಂತೆ, ಹೃದಯದಿಂದ ಹೊರಟ ರಕ್ತವು ಮೊದಲು ಮಹಾ ಅಪಧಮನಿಯಲ್ಲಿ, ಬಳಿಕ ಅದರ ಕವಲುಗಳಲ್ಲಿ, ಕಡೆಗೆ ಕೂದಲಿಗಿಂತಲೂ ಸಣ್ಣವಾದ ಲೋಮನಾಳಗಳಲ್ಲಿ ಹರಿಯುತ್ತದೆ. ಅಲ್ಲಿಂದ ಅಭಿಧಮನಿಗಳ ಮೂಲಕ ಹೃದಯಕ್ಕೆ ಹಿಂದಿರುಗುತ್ತದೆ. ರಕ್ತವು ಹೀಗೆ ಸುತ್ತುತ್ತದೆಂದು ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ 1628ರಲ್ಲಿ ಸಾಧಿಸಿ ತೋರಿಸಿದನು. ಆದರೆ ಅಪಧಮನಿಯಿಂದ ಅಭಿಧಮನಿಗೆ ರಕ್ತ ದಾಟುವ ಸೇತುವೆ ಅವನಿಗೆ ಕಾಣಲಿಲ್ಲ. 1661ರಲ್ಲಿ ಇಟಲಿಯ ಮಾರ್ಚೆಲ್ಲೊ ಮಾಲ್ಪಿಗಿಯು ಕಪ್ಪೆಯ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಲೋಮನಾಳಗಳನ್ನು ಕಂಡನು.

ಮೂರು ಪದರಗಳು

ಅಪಧಮನಿಯನ್ನು ಅಡ್ಡಲಾಗಿ ಕತ್ತರಿಸಿ ನೋಡಿದರೆ ಮೂರು ಸ್ತರಗಳು ಕಾಣುತ್ತವೆ. ಎಲ್ಲಕ್ಕಿಂತ ಹೊರಗಿನದು ನಾರಿನ ಎಳೆಗಳಿಂದಾದ ಹೊರಸ್ತರ. ಇದು ಮಟ್ಟೆಯಂತೆ ನಾಳವನ್ನು ರಕ್ಷಿಸಿ, ಅದನ್ನು ಸುತ್ತಲಿನ ಭಾಗಗಳಿಗೆ ಬಂಧಿಸುತ್ತದೆ. ನಡುಸ್ತರದಲ್ಲಿ ನುಣುಪು ಸ್ನಾಯುವಿನ ಜೀವಕೋಶಗಳೂ ರಬ್ಬರಿನಂತೆ ಹಿಗ್ಗಿ ಕುಗ್ಗುವ ಎಳೆಗಳೂ ಇವೆ. ಹೃದಯ ರಕ್ತವನ್ನು ದೂಡಿದಾಗ ದೊಡ್ಡ ನಾಳವು ಹಿಗ್ಗಿ, ಹೃದಯ ವಿರಮಿಸಿದಾಗ ಕುಗ್ಗಿ ರಕ್ತವನ್ನು ಮುಂದಕ್ಕೆ ಸಾಗಿಸುತ್ತದೆ. ಸಣ್ಣ ನಾಳಗಳಲ್ಲಿ ಸ್ನಾಯುವೇ ಹೆಚ್ಚು. ಅದು ಬಿಗಿದರೆ ನಾಳ ಕಿರಿದಾಗುತ್ತದೆ, ಸಡಿಲಿದರೆ ಅಗಲವಾಗುತ್ತದೆ. ತೆಂಗಿನಕಾಯಿಗೆ ನಡುವಿನ ಚಿಪ್ಪು ಗಟ್ಟಿಯಿದ್ದರೆ ಶ್ರೇಯಸ್ಸು. ರಕ್ತನಾಳದ ನಡುಪದರ ಚಿಪ್ಪಿನಂತೆ ಗಡುಸಾದರೆ ಮಾತ್ರ ಅದೇ ರೋಗ.

ಮೂರನೆಯದು ಒಳಸ್ತರ. ರಕ್ತಕ್ಕೆ ನೇರವಾಗಿ ತಾಗುವ ಇದರ ಮೈಗೆ ಒಂದೇ ಒಂದು ಸಾಲಿನ ಚಪ್ಪಟೆ ಜೀವಕೋಶಗಳ ಹಾಸು ಇದೆ. ನೆಲಕ್ಕೆ ಹಾಸುಗಲ್ಲು ಜೋಡಿಸಿದಂತೆ ಇವು ಅಂಚಿಗೆ ಅಂಚು ಕೂಡಿಕೊಂಡಿರುತ್ತವೆ. ಈ ಹಾಸು ನುಣುಪಾಗಿರುವವರೆಗೆ ರಕ್ತ ಹೆಪ್ಪುಗಟ್ಟದೆ ಹರಿಯುತ್ತದೆ. ನಡುಪದರದ ಸ್ನಾಯುವನ್ನು ಸಡಿಲಗೊಳಿಸುವ ಪದಾರ್ಥವನ್ನೂ ಈ ಕೋಶಗಳೇ ಉತ್ಪಾದಿಸುತ್ತವೆ.

ಲೋಮನಾಳದ ಗೋಡೆಯೆಂದರೆ ಮುಖ್ಯವಾಗಿ ಈ ಒಂದು ಸಾಲಿನ ಕೋಶಗಳೇ. ಅದರ ಅಗಲ ಸುಮಾರು 5ರಿಂದ 10 ಮೈಕ್ರಾನ್. ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗಕ್ಕೆ ಮೈಕ್ರಾನ್ ಎಂದು ಹೆಸರು. ಕೆಂಪು ರಕ್ತಕಣದ ಅಗಲವೇ 7ರಿಂದ 8 ಮೈಕ್ರಾನ್ ಆದುದರಿಂದ ಕಣಗಳು ಒಂದರ ಹಿಂದೊಂದು ಸಾಲಾಗಿ ನುಸುಳಬೇಕಾಗುತ್ತದೆ. ಪ್ರಾಣವಾಯುವೂ ಆಹಾರಾಂಶವೂ ಶರೀರದ ಕೋಶಗಳಿಗೆ ದಾಟುವುದು ಈ ತೆಳುವಾದ ಗೋಡೆಯ ಮೂಲಕವೇ.

ಅಭಿಧಮನಿಗಳಿಗೂ ಮೂರು ಪದರಗಳಿವೆಯಾದರೂ ನಡುಪದರ ತೆಳುವು. ಕಾಲಿನ ಅಭಿಧಮನಿಗಳಲ್ಲಿ ರಕ್ತ ಕೆಳಕ್ಕೆ ಜಾರದಂತೆ ಪುಟ್ಟ ಕವಾಟಗಳಿವೆ. ಗರ್ಭಿಣಿಯರ ಕಾಲಿನಲ್ಲಿ ನರ ಉಬ್ಬಿದಂತೆ ತೋರುವುದು ವಾಸ್ತವವಾಗಿ ನರವಲ್ಲ, ಹಿಗ್ಗಿದ ಅಭಿಧಮನಿ.

ಹೃದಯದ ಗೋಡೆ

ಮುಷ್ಟಿಯಷ್ಟು ದೊಡ್ಡದಾದ, ಸುಮಾರು 300 ಗ್ರಾಂ ತೂಗುವ ಹೃದಯವು ದಿನಕ್ಕೆ ಹೆಚ್ಚುಕಡಿಮೆ ಒಂದು ಲಕ್ಷ ಬಾರಿ ಮಿಡಿಯುತ್ತದೆ. ಅದರ ಗೋಡೆಗೂ ಮೂರು ಪದರಗಳುಂಟು. ಒಳಪೊರೆಯು ರಕ್ತನಾಳದ ಒಳಸ್ತರದ ಮುಂದುವರಿಕೆಯೇ ಆಗಿದೆ. ಹೃದಯದ ಕವಾಟಗಳು ಈ ಪೊರೆಯ ಮಡಿಕೆಗಳು. ನಡುವೆ ದಪ್ಪನಾದ ಹೃದಯಸ್ನಾಯು ಇದೆ. ಹೊರಗಿನ ಪೊರೆಯ ಅಡಿಯಲ್ಲಿ ಹೃದಯಕ್ಕೇ ರಕ್ತವನ್ನು ಒದಗಿಸುವ ಕಿರೀಟ ಅಪಧಮನಿಗಳು ಹರಿದಿವೆ.

ಹೃದಯಸ್ನಾಯುವಿನ ಕೋಶಗಳು ಕವಲೊಡೆದು ಒಂದಕ್ಕೊಂದು ಹೆಣೆದುಕೊಂಡಿವೆ. ಕೋಶ ಕೋಶಗಳ ಸಂಧಿಯಲ್ಲಿ ವಿಶೇಷವಾದ ಬೆಸುಗೆಗಳಿದ್ದು, ಒಂದು ಕೋಶಕ್ಕೆ ತಲುಪಿದ ವಿದ್ಯುತ್ ಸಂಕೇತ ಕ್ಷಣಾರ್ಧದಲ್ಲಿ ಪಕ್ಕದ ಕೋಶಕ್ಕೆ ಹರಿಯುತ್ತದೆ. ಹೀಗಾಗಿ ಕೋಟ್ಯಂತರ ಕೋಶಗಳು ಒಟ್ಟಾಗಿ ಸಂಕುಚಿಸುತ್ತವೆ. ಆದರೆ ಒಂದು ಕೊರತೆಯುಂಟು. ಚರ್ಮ ಗಾಯಗೊಂಡರೆ ಹೊಸ ಚರ್ಮ ಬೆಳೆಯುತ್ತದೆ. ಹೃದಯಸ್ನಾಯುವಿನ ಭಾಗವೊಂದು ಸತ್ತರೆ ಆ ಸ್ಥಳವನ್ನು ಸ್ನಾಯು ತುಂಬುವುದಿಲ್ಲ, ಮಿಡಿಯಲಾರದ ಗಾಯದ ಕಲೆ ತುಂಬುತ್ತದೆ.

ಗರ್ಭಿಣಿಯೂ ರಕ್ತದೊತ್ತಡವೂ

ಗರ್ಭ ನಿಂತ ಬಳಿಕ ಗರ್ಭಕೋಶದ ಗೋಡೆಯಲ್ಲಿ ಒಂದು ಸೋಜಿಗದ ಮಾರ್ಪಾಡು ಜರುಗುತ್ತದೆ. ಅಲ್ಲಿನ ಸುರುಳಿ ಅಪಧಮನಿಗಳ ಸ್ನಾಯುಪದರವನ್ನು ಮಾಸಿನ ಕೋಶಗಳು ತೆರವುಗೊಳಿಸಿ, ಕಿರಿದಾದ ನಾಳಗಳನ್ನು ಅಗಲವಾದ ಕಾಲುವೆಗಳನ್ನಾಗಿ ಮಾಡುತ್ತವೆ. ಆಗ ಶಿಶುವಿಗೆ ಯಥೇಚ್ಛವಾಗಿ ರಕ್ತ ಒದಗುತ್ತದೆ. ಕೆಲವರಲ್ಲಿ ಈ ಮಾರ್ಪಾಡು ಸರಿಯಾಗಿ ನಡೆಯದೆ ನಾಳಗಳು ಕಿರಿದಾಗಿಯೇ ಉಳಿಯುತ್ತವೆ. ರಕ್ತ ಸಾಲದೆ ಬಳಲಿದ ಮಾಸಿನಿಂದ ಕೆಲವು ಪದಾರ್ಥಗಳು ತಾಯಿಯ ರಕ್ತಕ್ಕೆ ಸೇರಿ, ಆಕೆಯ ಶರೀರದಾದ್ಯಂತ ರಕ್ತನಾಳಗಳ ಒಳಹಾಸನ್ನು ಕೆಡಿಸುತ್ತವೆ. ಆಗ ರಕ್ತದೊತ್ತಡ ಏರುತ್ತದೆ. ಮೂತ್ರದಲ್ಲಿ ಪ್ರೋಟೀನ್ ಸೋರಬಹುದು. ಮುಖ ಮತ್ತು ಕೈಗಳು ಊದಿಕೊಳ್ಳಬಹುದು.

ಆರಂಭದಲ್ಲಿ ಯಾವ ನೋವೂ ಇಲ್ಲದಿರಬಹುದು. ಆದುದರಿಂದಲೇ ಪ್ರತಿ ತಪಾಸಣೆಯಲ್ಲಿಯೂ ರಕ್ತದೊತ್ತಡವನ್ನು ಅಳೆಯಿಸಿ ತಾಯಿ ಕಾರ್ಡಿನಲ್ಲಿ ಬರೆಯಿಸಿಕೊಳ್ಳಬೇಕು. 140/90 ಅಥವಾ ಅದಕ್ಕೂ ಮೇಲಿದ್ದರೆ ವೈದ್ಯರ ನಿಗಾ ಅತ್ಯವಶ್ಯ. ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ಮೇರೆಗೆ 2016ರಿಂದ ಪ್ರತಿ ತಿಂಗಳ 9ನೇ ತಾರೀಖಿನಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ನಡೆಯುತ್ತಿದೆ. ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣಾಂಶದ ಮತ್ತು ಕ್ಯಾಲ್ಸಿಯಂ ಮಾತ್ರೆಗಳನ್ನು ಬಿಡದೆ ಸೇವಿಸಿರಿ.

ಸಹಿಸಲಾರದ ತಲೆನೋವು, ಕಣ್ಣು ಮಂಜಾಗುವುದು, ಮೇಲುಹೊಟ್ಟೆಯ ನೋವು, ಉಸಿರಾಟದ ತೊಂದರೆ ಇವು ಅಪಾಯದ ಚಿಹ್ನೆಗಳು. ಇವನ್ನು ಕಡೆಗಣಿಸಿದರೆ ಫಿಟ್ಸ್ ಬಂದು ತಾಯಿ ಮಗು ಇಬ್ಬರೂ ಉಳಿಯದಿರಬಹುದು. ಫಿಟ್ಸ್ ಬಂದಾಗ ಗಾಳಿ ಸೋಂಕೆಂದು ಭಾವಿಸಿ ಹೊತ್ತು ಕಳೆಯದೆ, ಕೂಡಲೇ 108 ವಾಹನವನ್ನು ಕರೆಯಿಸಿರಿ. ಹೆರಿಗೆಯಾದ ಮೇಲೂ ಕೆಲವು ವಾರ ಈ ಅಪಾಯ ಇರುವುದೆಂಬುದನ್ನು ಪತಿಯಾದವನು ಮರೆಯಬಾರದು.

ಕುಟುಂಬ ಯೋಜನೆಯ ವಿಧಾನವನ್ನು ಆರಿಸುವಾಗಲೂ ಈ ತಿಳಿವಳಿಕೆ ಬೇಕು. ರಕ್ತದೊತ್ತಡ ಹೆಚ್ಚಿರುವ ಸ್ತ್ರೀಯರಿಗೆ ಮಾಲಾ-ಎನ್ ನುಂಗುವ ಗುಳಿಗೆ ತಕ್ಕುದಲ್ಲ. ಅಂಥವರು ವೈದ್ಯರ ಸಲಹೆಯಂತೆ ಕಾಪರ್-ಟಿ ಅಳವಡಿಸಿಕೊಳ್ಳಬಹುದು. ಮಕ್ಕಳು ಸಾಕೆಂದು ನಿರ್ಧರಿಸಿದ್ದಲ್ಲಿ ಪತಿಯೇ ಮುಂದೆ ಬಂದು ಸರಳವಾದ ಸಂತಾನಹರಣ ಚಿಕಿತ್ಸೆ ಮಾಡಿಸಿಕೊಂಡರೆ ಪತ್ನಿಯ ಮೇಲಿನ ಭಾರ ಇಳಿಯುತ್ತದೆ.

ಮಗುವಿನ ಗಂಟಲು ನೋವು

5ರಿಂದ 15 ವರ್ಷದ ಮಕ್ಕಳಿಗೆ ಒಂದು ಬಗೆಯ ರೋಗಾಣುವಿನಿಂದ ಗಂಟಲು ನೋವು, ಜ್ವರ ಬಂದು ಚಿಕಿತ್ಸೆಯಾಗದೆ ಹೋದರೆ, ಕೆಲವರಲ್ಲಿ ಎರಡು ಮೂರು ವಾರಗಳ ಬಳಿಕ ಕೀಲುಗಳು ಊದಿ ನೋಯುತ್ತವೆ. ಕೀಲು ವಾಸಿಯಾಗುತ್ತದೆ, ಹೃದಯದ ಒಳಪೊರೆಯ ಮಡಿಕೆಯಾದ ಕವಾಟ ಮಾತ್ರ ಕಲೆಗಟ್ಟಿ ಕಿರಿದಾಗಬಹುದು. ಗರ್ಭಿಣಿಯಲ್ಲಿ ರಕ್ತದ ಪ್ರಮಾಣ ಸುಮಾರು ಅರ್ಧದಷ್ಟು ಅಧಿಕವಾಗುವುದರಿಂದ, ಬಾಲ್ಯದಲ್ಲಿ ಕವಾಟ ಕೆಟ್ಟ ಹುಡುಗಿಗೆ ಬಸುರಿನಲ್ಲಿಯೇ ಮೊದಲ ಬಾರಿಗೆ ಏದುಸಿರು ಕಾಣಿಸಬಹುದು. ಆದಕಾರಣ ಮಗುವಿನ ಗಂಟಲು ನೋವನ್ನು ಅಲಕ್ಷಿಸದೆ ವೈದ್ಯರಿಗೆ ತೋರಿಸಿ, ಬರೆದುಕೊಟ್ಟ ಔಷಧಿಯನ್ನು ಪೂರ್ಣವಾಗಿ ಕೊಡಿರಿ.

ಹೃದಯಾಘಾತ

ಬೀಡಿ, ಸಿಗರೇಟು, ಹೊಗೆಸೊಪ್ಪು, ಸಕ್ಕರೆ ಕಾಯಿಲೆ, ಏರಿದ ರಕ್ತದೊತ್ತಡ ಇವು ಅಪಧಮನಿಯ ಒಳಹಾಸನ್ನು ಕೆಡಿಸುತ್ತವೆ. ಆಗ ಕೊಬ್ಬು ಒಳಸ್ತರದಡಿ ಸೇರಿ ದಿಬ್ಬವಾಗುತ್ತದೆ. ದಿಬ್ಬ ಬಿರಿದರೆ ಅದರ ಮೇಲೆ ರಕ್ತ ಹೆಪ್ಪುಗಟ್ಟಿ ಕಿರೀಟ ಅಪಧಮನಿ ಮುಚ್ಚುತ್ತದೆ. ಅದರಿಂದ ರಕ್ತ ಪಡೆಯುತ್ತಿದ್ದ ಸ್ನಾಯು ಸಾಯತೊಡಗುತ್ತದೆ. ಇದೇ ಹೃದಯಾಘಾತ.

ತೆಂಗು ಹೃದಯಕ್ಕೆ ಕೆಡುಕೇ ಎಂದು ನಮ್ಮ ಸೀಮೆಯವರು ಕೇಳುವುದುಂಟು. ತೆಂಗಿನಲ್ಲಿ ಕೊಲೆಸ್ಟರಾಲ್ ಇಲ್ಲ. ಆದರೆ ಕೊಬ್ಬರಿ ಎಣ್ಣೆಯ ಬಹುಪಾಲು ರಕ್ತದ ಕೊಲೆಸ್ಟರಾಲನ್ನು ಏರಿಸುವ ಬಗೆಯ ಕೊಬ್ಬು. ಸಾರು ಪಲ್ಯಗಳಿಗೆ ಹಿತಮಿತವಾಗಿ ಕಾಯಿ ಬಳಸಲು ಅಡ್ಡಿಯಿಲ್ಲ. ಎಣ್ಣೆಯಲ್ಲಿ ಕರಿದ ತಿಂಡಿಗಳೂ ಉಪ್ಪೂ ಕಡಿಮೆಯಿರಲಿ.

ಎದೆಯ ನಡುವೆ ಹಿಂಡಿದಂತಹ ನೋವು, ಎಡಗೈಗೋ ದವಡೆಗೋ ಹರಿಯುವ ನೋವು, ತಣ್ಣನೆಯ ಬೆವರು ಕಂಡರೆ ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿಯುತ್ತ ಕೂರಬೇಡಿರಿ. ಸಾಯುತ್ತಿರುವ ಸ್ನಾಯುವನ್ನು ಉಳಿಸಲು ಮೊದಲ ಗಂಟೆಗಳೇ ಮುಖ್ಯ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯ ಮೂಲಕ ರಾಜ್ಯದ ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ಜಯದೇವ ಹೃದ್ರೋಗ ಸಂಸ್ಥೆಯಂತಹ ಕೇಂದ್ರಗಳ ತಜ್ಞರ ಸಲಹೆ ಪಡೆದು, ಹೆಪ್ಪನ್ನು ಕರಗಿಸುವ ಬೆಲೆಬಾಳುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಏರ್ಪಾಡು ಇದೆ.

ದಂಪತಿಗಳೇ, 30 ವರ್ಷ ದಾಟಿದ ಇಬ್ಬರೂ ವರ್ಷಕ್ಕೊಮ್ಮೆಯಾದರೂ ರಕ್ತದೊತ್ತಡ ಮತ್ತು ಸಕ್ಕರೆ ಅಂಶವನ್ನು ಪರೀಕ್ಷೆ ಮಾಡಿಸಿಕೊಳ್ಳಿರಿ. ತಪಾಸಣೆಗೆ ಪತ್ನಿಯೊಬ್ಬಳನ್ನೇ ಕಳುಹಿಸದೆ ಪತಿಯೂ ಜೊತೆಯಲ್ಲಿ ಬರಲಿ. ಒಂದೇ ಒಂದು ಸಾಲಿನ ಕೋಶಗಳಿಂದಾದ ಆ ಒಳಹಾಸು ನುಣುಪಾಗಿದ್ದರೆ ತಾಯಿ, ಮಗು, ತಂದೆ ಮೂವರಿಗೂ ಕ್ಷೇಮ.