ಏಕಸ್ವಾಮ್ಯ ಪಾನೀಯ ಒಪ್ಪಂದ

ಏಕಸ್ವಾಮ್ಯ ಪಾನೀಯ ಒಪ್ಪಂದವೆಂದರೆ ವಿಶ್ವವಿದ್ಯಾಲಯವು ತನ್ನ ಆವರಣದಲ್ಲಿ ತಂಪು ಪಾನೀಯ ಮಾರುವ ಹಕ್ಕನ್ನು ಒಂದೇ ಕಂಪನಿಗೆ ಕೊಟ್ಟು, ಪ್ರತಿಯಾಗಿ ಪ್ರಾಯೋಜಕತ್ವದ ಹಣ ಪಡೆಯುವ ವ್ಯವಸ್ಥೆ. ಇಂಗ್ಲಿಷಿನಲ್ಲಿ ಇದಕ್ಕೆ ‘ಪೋರಿಂಗ್ ರೈಟ್ಸ್’ ಎಂಬ ಹೆಸರಿದೆ. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯವು 1992ರಲ್ಲಿ ಪೆಪ್ಸಿಯೊಡನೆ ಮಾಡಿಕೊಂಡ 10 ವರ್ಷಗಳ, 1.4 ಕೋಟಿ ಡಾಲರ್ ಮೊತ್ತದ ಒಪ್ಪಂದವು ಇದರ ಆರಂಭಿಕ ಉದಾಹರಣೆಗಳಲ್ಲಿ ಪ್ರಸಿದ್ಧವಾದುದು.

ಬೆಂಗಳೂರಿನ ಶಿವಾಜಿನಗರದ ರಸೆಲ್ ಮಾರುಕಟ್ಟೆಯೊಂದಿಗೆ ಹೋಲಿಸಿದರೆ ಇಂತಹ ಒಪ್ಪಂದದ ಪರಿಣಾಮ ಸ್ಪಷ್ಟವಾಗುತ್ತದೆ. 1927ರಲ್ಲಿ ಕಟ್ಟಲಾದ ಆ ಮಾರುಕಟ್ಟೆಯಲ್ಲಿ ಹಣ್ಣು, ತರಕಾರಿ, ಹೂವಿನ ವ್ಯಾಪಾರಿಗಳು ಅಕ್ಕಪಕ್ಕದಲ್ಲೇ ಕುಳಿತಿರುತ್ತಾರೆ. ಒಬ್ಬರ ಬೆಲೆ ಹೊಂದದಿದ್ದರೆ ಗ್ರಾಹಕರು ಮುಂದಿನ ಮಳಿಗೆಯಲ್ಲಿ ಚೌಕಾಸಿ ಮಾಡಬಹುದು. ಏಕಸ್ವಾಮ್ಯವಿರುವ ಕ್ಯಾಂಪಸ್ಸಿನಲ್ಲಿ ಆ ಮುಂದಿನ ಮಳಿಗೆ ಇರುವುದಿಲ್ಲ. ಹಣ ಪಡೆಯುವುದು ಆಡಳಿತ, ಆಯ್ಕೆ ಕಳೆದುಕೊಳ್ಳುವವರು ವಿದ್ಯಾರ್ಥಿಗಳು. ವಿವಾದಗಳ ಮೂಲ ಬಹುಮಟ್ಟಿಗೆ ಇದೇ.

ಆದರೂ ವಿದ್ಯಾರ್ಥಿಗಳು ಸಂಘಟಿತರಾದಾಗ ಇಡೀ ಸಂಸ್ಥೆಯ ಖರೀದಿಯೇ ಬದಲಾದದ್ದುಂಟು. ಕೇರಳದ ಪ್ಲಾಚಿಮಾಡದ ಕೋಕಾ-ಕೋಲಾ ಘಟಕವು ಅಂತರ್ಜಲ ಕುಸಿತದ ವಿರುದ್ಧ ನಡೆದ ಜನಹೋರಾಟದ ನಡುವೆ 2004ರಲ್ಲಿ ಸ್ಥಗಿತಗೊಂಡಿತ್ತು. ಭಾರತದ ಜಲಸಮಸ್ಯೆಯನ್ನೂ ಕೊಲಂಬಿಯಾದ ಕಾರ್ಮಿಕರ ಮೇಲಿನ ಹಿಂಸೆಯ ಆರೋಪಗಳನ್ನೂ ಮುಂದಿಟ್ಟು ವಿದ್ಯಾರ್ಥಿಗಳು ಒತ್ತಡ ಹೇರಿದಾಗ, ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯವು 2006ರ ಜನವರಿಯಿಂದ ಆ ಕಂಪನಿಯ ಉತ್ಪನ್ನಗಳ ಖರೀದಿಯನ್ನು ತಡೆಹಿಡಿಯಿತು. ಸ್ವತಂತ್ರ ಪರಿಶೀಲನೆಗೆ ಕಂಪನಿ ಒಪ್ಪಿದ ಬಳಿಕ ಅದೇ ಏಪ್ರಿಲ್‌ನಲ್ಲಿ ಖರೀದಿ ಮತ್ತೆ ಆರಂಭವಾಯಿತು. ದೆಹಲಿಯ ಟೆರಿ ಸಂಸ್ಥೆಯು ಭಾರತದ 6 ಘಟಕಗಳನ್ನು ಪರಿಶೀಲಿಸಿ 2008ರಲ್ಲಿ ವರದಿ ನೀಡಿತು. ರಾಜಸ್ಥಾನದ ಕಾಲಾಡೇರಾ ಘಟಕಕ್ಕೆ ಬೇರೆಡೆಯಿಂದ ನೀರು ತರುವುದು, ಇಲ್ಲವೇ ಘಟಕವನ್ನೇ ಮುಚ್ಚುವುದು ಆ ವರದಿ ಮುಂದಿಟ್ಟ ಮಾರ್ಗಗಳಲ್ಲಿ ಸೇರಿದ್ದವು.