ಭಾನುವಾರ ಟೆರೇಸ್ ಮೇಲೆ ಮರಗೆಲಸ: ಕೈ ಹಾಕೋ ಮುಂಚೆ ಇಷ್ಟು ಗೊತ್ತಿರಲಿ

ನಂದಿನಿ ಲೇಔಟ್: ವಾರವಿಡೀ ಲ್ಯಾಪ್‌ಟಾಪ್ ಮುಂದೆ, ಇಲ್ಲಾಂದ್ರೆ ಪೀಣ್ಯದಲ್ಲಿ ಶಿಫ್ಟ್. ಸಿಗೋ ಒಂದು ರಜೆಯಲ್ಲಿ ಉಳಿ, ಗರಗಸ ಹಿಡಿದು ಏನಾದ್ರೂ ಮಾಡೋಣ ಅನ್ನೋರಿಗೆ ನಮ್ಮ ಬಡಾವಣೆ ಅನುಕೂಲದ ಜಾಗ. ಪಕ್ಕದಲ್ಲೇ ಪೀಣ್ಯ, ಯಶವಂತಪುರ. ಮಲ್ಲೇಶ್ವರಂ 18ನೇ ಅಡ್ಡರಸ್ತೆಯಲ್ಲಿ ಕೇಂದ್ರ ಸರ್ಕಾರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. 1938ರಲ್ಲಿ, ಮೈಸೂರು ಸಂಸ್ಥಾನದ ಕಾಲದಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಶುರುವಾದದ್ದು ಅದು. ಮರಗೆಲಸದ ತರಬೇತಿಯೂ ಅಲ್ಲಿ ನಡೆಯುತ್ತೆ.

ಮೊದಲ ಕೆಲಸಕ್ಕೆ ಮಣೆಗಿಂತ ಒಳ್ಳೇದಿಲ್ಲ. ಒಂದು ಹಲಗೆ, ಅಡಿಯಲ್ಲಿ ಎರಡು ಅಡ್ಡಪಟ್ಟಿ, ಅಷ್ಟೇ. ಆದರೆ ಹೊಸಬರು ಆಷಾಢದಲ್ಲಿ ಮಾಡಿದ ಮಣೆ ಶಿವರಾತ್ರಿ ಹೊತ್ತಿಗೆ ಸೀಳು ಬಿಟ್ಟಿರುತ್ತೆ. ಮರ ಸರಿಯಿಲ್ಲ ಅಂತ ಅಂಗಡಿಯವರ ಹತ್ತಿರ ಜಗಳ. ತಪ್ಪು ಬಹಳ ಸಲ ಸ್ಕ್ರೂನಲ್ಲಿರುತ್ತೆ.

ಮರ ಮಳೆಗಾಲದಲ್ಲಿ ಗಾಳಿಯ ತೇವ ಹೀರಿ ಹಿಗ್ಗುತ್ತೆ, ಬೇಸಿಗೆಯಲ್ಲಿ ಕುಗ್ಗುತ್ತೆ. ಈ ಹಿಗ್ಗು ಕುಗ್ಗು ಎಳೆಗೆ ಅಡ್ಡವಾಗಿ, ಅಂದ್ರೆ ಹಲಗೆಯ ಅಗಲದಲ್ಲಿ ಮಾತ್ರ. ಉದ್ದದಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಒಂದು ಅಡಿ ಅಗಲದ ಹಲಗೆ ಎರಡು ಮೂರು ಮಿಲಿಮೀಟರ್ ಓಡಾಡಬಹುದು. ಅಡಿಯ ಪಟ್ಟಿಯ ಎಳೆ ಹಲಗೆಯ ಅಗಲದ ಕಡೆಗೇ ಇರೋದರಿಂದ ಅದು ಕುಗ್ಗಲ್ಲ. ಎರಡನ್ನೂ ಫೆವಿಕಾಲ್ ಹಾಕಿ ನಾಲ್ಕು ಸ್ಕ್ರೂ ಬಿಗಿದರೆ ಹಲಗೆಗೆ ಜಾಗವಿಲ್ಲ, ಸೀಳುತ್ತೆ. ನಡುವಿನ ಒಂದು ಸ್ಕ್ರೂ ಮಾತ್ರ ಬಿಗಿಯಾಗಿರಲಿ. ಆಚೆ ಈಚೆಯ ಸ್ಕ್ರೂಗಳಿಗೆ ಪಟ್ಟಿಯಲ್ಲಿ ಉದ್ದನೆಯ ತೂತು ಮಾಡಿ, ಅಂಟು ಹಚ್ಚಬೇಡಿ. ಹಳೇ ಬಡಗಿಗಳು ಹಲಗೆಯಲ್ಲಿ ಓರೆ ಗಾಡಿ ಕೊರೆದು ಪಟ್ಟಿಯನ್ನು ಜಾರಿಸಿ ಕೂರಿಸ್ತಿದ್ದದ್ದೂ ಇದಕ್ಕೇ.

ತಂದ ಮರ ಒಣಗಿದೆಯೋ ಇಲ್ವೋ ತಿಳಿಯೋಕೆ ಮೀಟರ್ ಕೊಳ್ಳಲೇಬೇಕು ಅಂತಿಲ್ಲ. ಒಂದು ತುಂಡನ್ನು ವಾರಕ್ಕೊಮ್ಮೆ ಕಿರಾಣಿ ಅಂಗಡಿ ತಕ್ಕಡಿಯಲ್ಲಿ ತೂಗಿಸಿ. ತೂಕ ಇಳಿಯೋದು ನಿಂತ ಮೇಲೆ ಕೆಲಸ ಶುರು ಮಾಡಿ.

ಡಿಪೋದಲ್ಲಿ ಲೆಕ್ಕ ಸಿಎಫ್‌ಟಿಯಲ್ಲಿ, ಅಂದ್ರೆ ಘನ ಅಡಿ. ಅಗಲ, ದಪ್ಪ ಇಂಚಿನಲ್ಲಿ, ಉದ್ದ ಅಡಿಯಲ್ಲಿ. ಮೂರನ್ನೂ ಗುಣಿಸಿ 144ರಿಂದ ಭಾಗಿಸಬೇಕು. 6 ಇಂಚು ಅಗಲ, 2 ಇಂಚು ದಪ್ಪ, 6 ಅಡಿ ಉದ್ದದ ತುಂಡು ಅರ್ಧ ಸಿಎಫ್‌ಟಿ. ಕಲಿಯೋಕೆ ತೇಗ ಬೇಡ, ದುಡ್ಡು ದಂಡ. ಸಿಲ್ವರ್ ಓಕ್, ಹೆಬ್ಬೇವು ಸಾಕು.

ಪೀಣ್ಯದಿಂದ ಬರೋ ಪ್ಯಾಲೆಟ್, ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಮರ ಇನ್ನೂ ಅಗ್ಗ. ವಿದೇಶದಿಂದ ಬಂದದ್ದಾದರೆ ಮೇಲೆ ಸುಟ್ಟು ಒತ್ತಿದ ಮುದ್ರೆ ನೋಡಿ. ‘ಎಚ್‌ಟಿ’ ಅಂತಿದ್ರೆ ಬಿಸಿ ಮಾಡಿ ಹುಳ ಸಾಯಿಸಿದ್ದು, ತರಬಹುದು. ‘ಎಂಬಿ’ ಅಂತಿದ್ರೆ ಮೀಥೈಲ್ ಬ್ರೋಮೈಡ್ ಅನ್ನೋ ವಿಷದ ಹೊಗೆ ಕೊಟ್ಟದ್ದು, ಮನೆಗೆ ಬೇಡ. ಎಣ್ಣೆ, ರಾಸಾಯನಿಕ ಚೆಲ್ಲಿದ ಕಲೆ ಇದ್ರೂ ಬೇಡ.

ಇನ್ನು ಬೆರಳಿನ ವಿಚಾರ. ನಾಲ್ಕಿಂಚಿನ ಗ್ರೈಂಡರ್‌ನ ಗಾರ್ಡ್ ಬಿಚ್ಚಿ, ಮರ ಕೊಯ್ಯೋ ಹಲ್ಲಿನ ಬ್ಲೇಡ್ ಹಾಕೋದನ್ನ ಎಲ್ಲಾ ಕಡೆ ಕಾಣ್ತೀವಿ. ಅದು ನಿಮಿಷಕ್ಕೆ ಸುಮಾರು 11 ಸಾವಿರ ಸುತ್ತು ತಿರುಗುತ್ತೆ. ಸರ್ಕ್ಯುಲರ್ ಸಾ ತಿರುಗೋದು ಸುಮಾರು 5 ಸಾವಿರ, ಅದಕ್ಕೆ ಗಾರ್ಡ್ ಬೇರೆ ಇರುತ್ತೆ. ಬ್ಲೇಡ್ ಗಂಟಿಗೆ ಸಿಕ್ಕಿಕೊಂಡರೆ ಗ್ರೈಂಡರ್ ಹಿಂದಕ್ಕೆ ಒದೆಯುತ್ತೆ, ಅಲ್ಲಿರೋದು ನಿಮ್ಮ ಕೈ. ಟೈಪ್ ಮಾಡಿಯೋ ಲೇತ್ ನಡೆಸಿಯೋ ಹೊಟ್ಟೆ ಹೊರೆಯೋರು ಹವ್ಯಾಸಕ್ಕಾಗಿ ಈ ಸಾಹಸ ಮಾಡೋದರಲ್ಲಿ ಅರ್ಥವಿಲ್ಲ. ತಿರುಗೋ ಬ್ಲೇಡ್ ಹತ್ತಿರ ಗ್ಲೌಸ್ ಕೂಡ ಬೇಡ, ಸಿಕ್ಕಿಕೊಂಡು ಕೈಯನ್ನೇ ಎಳೆದುಕೊಳ್ಳುತ್ತೆ. ನೈಟ್ ಶಿಫ್ಟ್ ಮುಗಿಸಿ ಬಂದ ಬೆಳಗ್ಗೆ ಮಷೀನ್ ಮುಟ್ಟದೆ ಉಪ್ಪುಕಾಗದ ಉಜ್ಜಿ ಸಾಕು. ಅದಕ್ಕೂ ಮಾಸ್ಕ್ ಬೇಕು: ಮರದ ಧೂಳು ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 1995ರಲ್ಲೇ ಹೇಳಿದೆ.

20x30 ಸೈಟುಗಳಲ್ಲಿ ಗೋಡೆಗೆ ಗೋಡೆ ಅಂಟಿಕೊಂಡಿರುತ್ತೆ. ಶಬ್ದ ಮಾಲಿನ್ಯ ನಿಯಮದಂತೆ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45 ಡೆಸಿಬಲ್ ಮಿತಿ. ಸರ್ಕ್ಯುಲರ್ ಸಾ 100ರ ಹತ್ತಿರ ಕೂಗುತ್ತೆ. ಕೊಯ್ಯೋ ಕೆಲಸವನ್ನೆಲ್ಲ ಡಿಪೋದಲ್ಲೇ ಮುಗಿಸಿಕೊಂಡು ಬಂದರೆ, ಆಫೀಸಿಂದ ಬಂದ ಮೇಲೆ ರಾತ್ರಿ ಒಂಬತ್ತಕ್ಕೂ ಟೆರೇಸ್ ಮೇಲೆ ತೋಪಡ ಹೊಡೆಯಬಹುದು. ಕೆಳಗಿನ ಮನೆಯವರಿಗೆ ಕೇಳಿಸದಂತೆ ಅಡಿಗೆ ಒಂದು ಹಳೇ ಚಾಪೆ ಹಾಸಿದರಾಯ್ತು.